ಶನಿವಾರದ ಹೆಣಿಗೆ ಮತ್ತು ಓದು: ಹೊಸನಗರದ ಮೇಡಂ ಕೇಳಿದ್ದಕ್ಕೆ

ಮೇಡಂ, ನೀವು ನಾಲ್ಕೈದು ವಿಷಯ ಒಟ್ಟಿಗೆ ಕೇಳಿದ್ದೀರಿ, ಹಾಗಾಗಿ ಉತ್ತರ ಉದ್ದ ಆಗುತ್ತೆ. ಹೊಸದಾಗಿ ಸೇರಿದವರಿಗೆ ಪ್ರಶ್ನೆ ಏನು ಅಂತ ಮೊದಲು ಹೇಳಿಬಿಡ್ತೇನೆ. ಹೊಸನಗರ ಕಡೆಯ ಇವರ ಶಾಲೆಯಲ್ಲಿ ಬಿಸಿಯೂಟದ ಅಕ್ಕಂದಿರೂ ಸೇರಿ ಒಂಬತ್ತು ಜನ ಇದ್ದಾರೆ. ಶನಿವಾರ ಮಕ್ಕಳನ್ನು ಕಳಿಸಿದ ಮೇಲೆ ಅರ್ಧ ಗಂಟೆ ಕೂತು ಎಲ್ಲರೂ ಹೆಣಿಗೆ ಹಾಕಬೇಕು, ಒಬ್ಬರು ಇಷ್ಟದ ಪುಸ್ತಕ ಓದಬೇಕು ಅಂತ ಯೋಚನೆ. ಕೋವಿಡ್ ಸಮಯದಲ್ಲಿ ಇವರು ಶುರು ಮಾಡಿದ ಮಫ್ಲರ್ ಅಂಚು ಸುರುಳಿ ಸುತ್ತಿಕೊಳ್ಳುತ್ತೆ, ಅಗಲವೂ ಬರಬರುತ್ತಾ ಹೆಚ್ಚಾಗಿದೆ, ಮಳೆಗಾಲದಲ್ಲಿ ದಾರಕ್ಕೆ ಮುಗ್ಗಲು ವಾಸನೆ ಬಂತು. ಇಬ್ಬರು ಟೀಚರು "ಆಗಿನಿಂದ ತಲೆಯೇ ನಿಲ್ಲಲ್ಲ" ಅಂತ ಕಡ್ಡಿ ಕೆಳಗಿಟ್ಟಿದ್ದಾರೆ. ಯಾವುದರಿಂದ ಶುರು ಮಾಡಬೇಕು, ಏನು ಓದಬೇಕು?

ಆ ಇಬ್ಬರು ಹೇಳಿದ ಮಾತಿನಿಂದಲೇ ಶುರು ಮಾಡ್ತೇನೆ. ಕೋವಿಡ್‌ನ ಆ ಎರಡು ವರ್ಷ ಶಾಲೆಯಲ್ಲಿ ಹಿಡಿದ ಯಾವ ಕೆಲಸವೂ ಮುಗಿಯಲಿಲ್ಲ. ಶಾಲೆ ಮುಚ್ಚಿದ್ದಾಗ ಮಕ್ಕಳಿದ್ದಲ್ಲಿಗೇ ಹೋಗಿ ಪಾಠ ಮಾಡುವ ವಿದ್ಯಾಗಮ ಯೋಜನೆ 2020ರ ಆಗಸ್ಟ್‌ನಲ್ಲಿ ಬಂತು, ಜಗಲಿ, ದೇವಸ್ಥಾನದ ಅಂಗಳ, ಮರದಡಿ ಅಂತ ಮಕ್ಕಳನ್ನು ಕೂರಿಸಿ ಒಂದು ಹದಕ್ಕೆ ತರುವಷ್ಟರಲ್ಲಿ ಅಕ್ಟೋಬರ್‌ನಲ್ಲಿ ನಿಂತಿತು. 2021ರ ಜನವರಿಯಲ್ಲಿ ಬೇರೆ ರೂಪದಲ್ಲಿ ಮತ್ತೆ ಬಂತು. ಆ ವರ್ಷದ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದಕ್ಕೆ ಹೋಗಿ ಜುಲೈನಲ್ಲಿ ಎರಡೇ ದಿನದ ಬಹು ಆಯ್ಕೆ ಪರೀಕ್ಷೆ ಆಯಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಒಳಗೆ ಬರೋಕೆ ಅಕ್ಟೋಬರ್ 25 ಆಗಬೇಕಾಯ್ತು. ನೆಟ್‌ವರ್ಕ್ ಸಿಗುವ ಗುಡ್ಡ ಹತ್ತಿ ಕಳಿಸಿದ ಮಾಹಿತಿಯನ್ನೇ ಇನ್ನೊಂದು ನಮೂನೆಯಲ್ಲಿ ಮತ್ತೆ ಕಳಿಸಬೇಕಿತ್ತು. ರಾತ್ರಿ ಒಂಬತ್ತರ ಮೇಲೂ ಮೊಬೈಲ್ ಹಿಡಿದುಕೊಂಡೇ ಇರುವ ಅಭ್ಯಾಸ ಬಂದಿದ್ದು ಆಗಲೇ. ಹಾಗಾಗಿ ನಿಮ್ಮ ಶನಿವಾರದ ಕೂಟಕ್ಕೆ ಮುಗಿಯುವಂಥ ಕೆಲಸವನ್ನೇ ಆರಿಸಿಕೊಳ್ಳಿ. ಸ್ವೆಟರ್ ಬೇಡ, ದಪ್ಪ ಕಾದಂಬರಿಯೂ ಬೇಡ. ಹಾಜರಿ, ಫೋಟೋ, ವರದಿ ಯಾವುದೂ ಬೇಡ. ಶಾಲೆಯ ಅಧಿಕೃತ ಗುಂಪಿನಲ್ಲಿ ಇದರ ಸುದ್ದಿಯನ್ನೂ ಹಾಕಬೇಡಿ, ಹಾಕಿದರೆ ಇದೂ ಒಂದು ಕಾರ್ಯಕ್ರಮ ಆಗಿಬಿಡುತ್ತೆ.

ಕಡ್ಡಿಯನ್ನೇ ಹಿಡಿಯದವರು ಕಿವಿಪಟ್ಟಿಯಿಂದ (ತಲೆ ಸುತ್ತ ಕಿವಿ ಮುಚ್ಚುವ ಪಟ್ಟಿ) ಶುರು ಮಾಡಲಿ. ಸಾಧಾರಣ ದಪ್ಪದ ಅಕ್ರಿಲಿಕ್ ದಾರವನ್ನು ಎರಡು ಎಳೆ ಒಟ್ಟಿಗೆ ಹಿಡಿದು, 5 ನಂಬರ್ ಕಡ್ಡಿಯಲ್ಲಿ (5.5 ಮಿ.ಮೀ.) 14 ಕುಣಿಕೆ ಹಾಕಿ. ಎಲ್ಲ ಸಾಲೂ ಬರೀ ಸೀದಾ (ಇಂಗ್ಲಿಷಿನ ನಿಟ್), ಉಲ್ಟಾ (ಪರ್ಲ್) ಇಲ್ಲವೇ ಇಲ್ಲ. ತಲೆ ಸುತ್ತಳತೆಗಿಂತ ಎರಡು ಇಂಚು ಕಡಿಮೆ ಇರುವಾಗ ಕುಣಿಕೆಗಳನ್ನು ಬಿಚ್ಚಿಹೋಗದ ಹಾಗೆ ಮುಚ್ಚಿ, ಎರಡು ತುದಿ ಸೇರಿಸಿ ಹೊಲಿಯಿರಿ. ದಾರ 40 ಗ್ರಾಂ ಸಾಕು. ಸಣ್ಣ ಕೆಲಸ, ಹೊಸ ಕೈಗೂ ಕೆಲವೇ ಶನಿವಾರಕ್ಕೆ ಒಂದು ವಸ್ತು ಕೈಗೆ ಬರುತ್ತೆ. ಎಳೆ ಎರಡಿರುವುದರಿಂದ ಕುಣಿಕೆ ದೊಡ್ಡದಾಗಿ ಕಾಣುತ್ತೆ, ತಪ್ಪಿದ್ದು ಎಲ್ಲಿ ಅಂತ ಕಣ್ಣಿಗೆ ಬೀಳುತ್ತೆ. ಒಂದೇ ಜಾಗ್ರತೆ: ಕಡ್ಡಿ ಎರಡು ಎಳೆಯ ನಡುವೆ ಹೋದರೆ ಒಂದೇ ಎಳೆ ಬರುತ್ತೆ, ಇನ್ನೊಂದು ಹಿಂದೆ ಜೋತುಬೀಳುತ್ತೆ. ಕುಣಿಕೆಯ ಎರಡೂ ಎಳೆ ಕಡ್ಡಿ ಮೇಲಿದೆಯಾ ಅಂತ ನೋಡಿಯೇ ಎಳೆಯಲಿ.

ಕಡ್ಡಿ ನಂಬರ್ ವಿಷಯದಲ್ಲಿ ಯೂಟ್ಯೂಬ್ ನೋಡಿ ಕಲಿಯುವವರು ತುಂಬಾ ಜನ ಎಡವುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಿಗೋದು ಹಳೇ ಇಂಗ್ಲೆಂಡ್ ನಂಬರು, ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 8 ಅಂದರೆ 4 ಮಿ.ಮೀ., 10 ಅಂದರೆ 3.25, 12 ಅಂದರೆ 2.75. ಅಮೆರಿಕದ ವಿಡಿಯೋದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ 8 ಅಂದರೆ 5 ಮಿ.ಮೀ. ನಂಬರ್ ನಂಬಬೇಡಿ, ಮಿಲಿಮೀಟರ್ ಕೇಳಿ ತೆಗೆದುಕೊಳ್ಳಿ.

ನೀವೂ, ಕೈ ಪಳಗಿದ ಮತ್ತಿಬ್ಬರೂ ಮಗುವಿನ ಟೋಪಿ ಹಿಡಿಯಬಹುದು. ಆರರಿಂದ ಹತ್ತು ವರ್ಷದ ಮಗುವಿಗೆ ಸರಿಹೋಗುವ ಅಳತೆ ಇದು. ಇದಕ್ಕೆ ದಾರ ಒಂದೇ ಎಳೆ, 60 ಗ್ರಾಂ ತಂದರೆ ಮಿಗುತ್ತೆ. 10 ನಂಬರ್ ಕಡ್ಡಿಯಲ್ಲಿ 106 ಕುಣಿಕೆ ಹಾಕಿ. ಬಾಲದ ದಾರದಿಂದ (ಉಂಡೆಯ ಕಡೆಯದ್ದಲ್ಲ, ಬಿಡಿ ತುದಿಯ ದಾರ) ಕುಣಿಕೆ ಹಾಕುವವರು ಬಾಲ ಎಷ್ಟು ಬಿಡಬೇಕು ಅಂತ ಕೇಳ್ತಾರೆ: ಹೆಣೆಯುವ ಅಗಲದ ಮೂರು ಪಟ್ಟು, ಮೇಲೊಂದು ಗೇಣು. ಇಲ್ಲಿ ಒಂದೂಮುಕ್ಕಾಲು ಮೀಟರ್ ಆಗಬಹುದು. ಎರಡು ಸೀದಾ, ಎರಡು ಉಲ್ಟಾ ಮಾಡುತ್ತಾ ಹೋದರೆ ಕೊನೆಗೆ ಎರಡು ಸೀದಾ ಬರುತ್ತೆ. ತಿರುಗಿಸಿದ ಮೇಲೆ ಎರಡು ಉಲ್ಟಾದಿಂದ ಶುರು ಮಾಡಿ. ಹೀಗೆ 5 ಸೆಂ.ಮೀ. ಬಾರ್ಡರ್. ಆಮೇಲೆ 8 ನಂಬರ್ ಕಡ್ಡಿಗೆ ಬದಲಿಸಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಕೆಳಗಿನಿಂದ ಒಟ್ಟು 12 ಸೆಂ.ಮೀ. ಬರುವ ತನಕ.

ಈಗ ನೆತ್ತಿ. ಸೀದಾ ಸಾಲಿನಲ್ಲಿ ಮೊದಲು 1 ಸೀದಾ. ಆಮೇಲೆ 11 ಸೀದಾ, ಎರಡು ಕುಣಿಕೆ ಸೇರಿಸಿ ಒಂದು, ಇದನ್ನು ಎಂಟು ಸಲ. ಕೊನೆಗೆ 1 ಸೀದಾ. 98 ಉಳಿಯಬೇಕು. ವಾಪಸ್ ಸಾಲು ಪೂರ್ತಿ ಉಲ್ಟಾ. ಮುಂದಿನ ಸೀದಾ ಸಾಲಿನಲ್ಲಿ 10 ಸೀದಾ ಆಗಿ ಎರಡು ಸೇರಿಸಿ, ಅದರ ಮುಂದಿನದರಲ್ಲಿ 9. ಪ್ರತಿ ಸಲ ಎಂಟು ಕುಣಿಕೆ ಕಡಿಮೆ: 90, 82, 74, 66, 58, 50, 42, 34, 26, 18. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಂಡು ಒಂದೊಂದೇ ಹೊಡೆದುಹಾಕಿ. ಎಣಿಕೆ ತಪ್ಪಿದರೆ ಆ ಸಾಲಿನಲ್ಲೇ ಸಿಕ್ಕಿಬೀಳುತ್ತೆ, ಇಲ್ಲದಿದ್ದರೆ ನಾಲ್ಕು ಸಾಲು ಆದ ಮೇಲೆ ಬಿಚ್ಚಬೇಕಾಗುತ್ತೆ. 18ಕ್ಕೆ ಬಂದಾಗ ದಾರವನ್ನು ಎರಡು ಮೊಳ ಬಿಟ್ಟು ಕತ್ತರಿಸಿ, ದಬ್ಬಳದಲ್ಲಿ ಎಲ್ಲ ಕುಣಿಕೆಯೊಳಗೂ ಪೋಣಿಸಿ ಬಿಗಿದು, ಅದೇ ದಾರದಿಂದ ಪಕ್ಕ ಹೊಲಿಯಿರಿ.

ಟೋಪಿ ಶುರು ಮಾಡುವ ಮೊದಲು ಅಳತೆಯ ತುಂಡು ಹೆಣೆಯದೆ ಬಿಡಬೇಡಿ. 8 ನಂಬರ್‌ನಲ್ಲಿ 30 ಕುಣಿಕೆ, 36 ಸಾಲು. ಅಂಚು ಬಿಟ್ಟು ನಡುವೆ 10 ಸೆಂ.ಮೀ. ಅಳೆದಾಗ 22 ಕುಣಿಕೆ ಇರಬೇಕು, ಆಗ ಟೋಪಿ ಸುಮಾರು 48 ಸೆಂ.ಮೀ. ಸುತ್ತಳತೆ ಬರುತ್ತೆ. 24 ಇದ್ದರೆ 44ಕ್ಕೆ ಇಳಿದು ಮಗುವಿನ ಹಣೆ ಒತ್ತುತ್ತೆ, 7 ನಂಬರ್ ಹಿಡಿಯಿರಿ. 20 ಇದ್ದರೆ 53 ಆಗಿ ಕಣ್ಣಿನ ಮೇಲೆ ಜಾರುತ್ತೆ, 9 ನಂಬರ್‌ಗೆ ಹೋಗಿ. ಮೀಟಿಂಗ್ ಮುಗಿಸಿ ಬಂದ ದಿನ ಎಲ್ಲರ ಕೈಯೂ ಬಿಗಿ ಇರುತ್ತೆ, ಕುಣಿಕೆ ಕಡ್ಡಿ ಮೇಲೆ ಸರಿಯೋದೇ ಇಲ್ಲ. ಅಂಥ ದಿನ ಅಳತೆಯ ತುಂಡೂ ಬೇಡ, ನೆತ್ತಿಯ ಕೆಲಸವೂ ಬೇಡ. ಹಳೇ ದಾರದಲ್ಲಿ ನಾಲ್ಕು ಸಾಲು ಸೀದಾ ಹಾಕಿ, ಭುಜ ಇಳಿದ ಮೇಲೆ ಟೋಪಿ ಎತ್ತಿಕೊಳ್ಳಿ.

ಇನ್ನು ನಿಮ್ಮ ಮಫ್ಲರ್. ಅಂಚು ಸುರುಳಿ ಸುತ್ತೋದು ನಿಮ್ಮ ಕೈ ತಪ್ಪಲ್ಲ, ಆ ಹೆಣಿಗೆಯ ಗುಣವೇ ಹಾಗೆ. ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದ ಬಟ್ಟೆಯಲ್ಲಿ ಎರಡು ಮುಖದ ಎಳೆತ ಬೇರೆ ಬೇರೆ. ಪಕ್ಕದ ಅಂಚು ಹಿಂದಕ್ಕೆ ಸುತ್ತುತ್ತೆ, ಮೇಲಿನ ಕೆಳಗಿನ ಅಂಚು ಮುಂದಕ್ಕೆ. ಇಸ್ತ್ರಿ ಪೆಟ್ಟಿಗೆ ಮಾತ್ರ ಮುಟ್ಟಿಸಬೇಡಿ. ಬಿಸಿ ತಾಗಿದರೆ ಅಕ್ರಿಲಿಕ್ ಎಳೆ ಚಪ್ಪಟೆಯಾಗಿ ಜೋಲುತ್ತೆ, ಮತ್ತೆ ಮೊದಲಿನ ಹಾಗೆ ಪುಟಿಯೋದಿಲ್ಲ. ಸುರುಳಿಗೋಸ್ಕರ ಹೆಣೆದಿದ್ದನ್ನು ಬಿಚ್ಚುವ ಅಗತ್ಯವೂ ಇಲ್ಲ: ಉದ್ದಕ್ಕೆ ಮಡಚಿ ಎರಡು ಪಕ್ಕದ ಅಂಚು ಸೇರಿಸಿ ಹೊಲಿದುಬಿಡಿ. ಕೊಳವೆಯ ಹಾಗೆ ಎರಡು ಪದರ ಆಗುತ್ತೆ, ಸುರುಳಿ ಅಂಚು ಒಳಗೆ ಸೇರುತ್ತೆ, ಡಿಸೆಂಬರ್ ಚಳಿಗೆ ಇನ್ನೂ ಬೆಚ್ಚಗೆ. ಮುಂದಿನ ಮಫ್ಲರ್‌ಗೆ ಎರಡೂ ಪಕ್ಕ ನಾಲ್ಕು ನಾಲ್ಕು ಕುಣಿಕೆ ಪ್ರತಿ ಸಾಲಿನಲ್ಲೂ ಸೀದಾ ಇರಲಿ, ಶುರುವಿನ ಮತ್ತು ಕೊನೆಯ ಎಂಟು ಸಾಲೂ ಪೂರ್ತಿ ಸೀದಾ.

ಅಗಲ ಹೆಚ್ಚಾಗಿದ್ದು ಬೇರೆ ಕಾರಣಕ್ಕೆ, ಅದನ್ನು ತಿದ್ದಿಕೊಳ್ಳಲೇಬೇಕು. ಸಾಲು ತಿರುಗಿಸಿದಾಗ ದಾರವನ್ನು ಕಡ್ಡಿ ಮೇಲಿನಿಂದ ಹಿಂದಕ್ಕೆ ಎಳೆದರೆ ಮೊದಲ ಕುಣಿಕೆ ಎದ್ದು, ಅದರ ಎರಡು ಕಾಲು ಎರಡು ಕುಣಿಕೆಯ ಹಾಗೆ ಕಾಣುತ್ತೆ. ಎರಡನ್ನೂ ಹೆಣೆದರೆ ಒಂದು ಹೆಚ್ಚಾಯಿತು. ಪ್ರತಿ ಸಾಲಿನ ಶುರುವಿನಲ್ಲಿ ದಾರವನ್ನು ಮೊದಲು ಕೆಳಗೆ ಎಳೆದು, ಕಡ್ಡಿಯ ಅಡಿಯಿಂದಲೇ ಹಿಂದಕ್ಕೆ ಒಯ್ಯಿರಿ. ಇನ್ನೊಂದು, ಸೀದಾದಿಂದ ಉಲ್ಟಾಕ್ಕೆ ಹೋಗುವಾಗ ದಾರ ಎರಡು ಕಡ್ಡಿಯ ನಡುವಿನಿಂದ ಮುಂದೆ ಬರಬೇಕು, ಮತ್ತೆ ಸೀದಾಕ್ಕೆ ಬರುವಾಗ ನಡುವಿನಿಂದಲೇ ಹಿಂದೆ ಹೋಗಬೇಕು. ಮರೆತರೆ ದಾರ ಕಡ್ಡಿ ಮೇಲೆ ಹಾದು ಒಂದು ಹೊಸ ಕುಣಿಕೆಯೂ ಅದರಡಿ ಒಂದು ತೂತೂ ಆಗುತ್ತೆ. ನಿಮ್ಮದರಲ್ಲಿ ತೂತು ಇದೆಯಾ ನೋಡಿ: ಇದ್ದರೆ ಎರಡನೇ ಕಾರಣ, ತೂತಿಲ್ಲದೆ ಅಂಚಿನಲ್ಲಷ್ಟೇ ಅಗಲ ಆಗಿದ್ದರೆ ಮೊದಲನೆಯದು. ಸಾಲಿನ ನಡುವೆ ಎದ್ದು ಹೋಗಬೇಡಿ. ಹೋಗಲೇಬೇಕಾದರೆ, ವಾಪಸ್ ಬಂದಾಗ ಉಂಡೆಯ ದಾರ ತಗುಲಿಕೊಂಡ ಕಡ್ಡಿ ಬಲಗೈಗೆ ಬರಲಿ. ಅದಲುಬದಲಾಗಿ ಹಿಡಿದರೆ ಬಂದ ದಾರಿಯಲ್ಲೇ ವಾಪಸ್ ಹೆಣೆಯುತ್ತೀರಿ, ಅಲ್ಲೊಂದು ಮೆಟ್ಟಿಲು ಬೀಳುತ್ತೆ.

ದಾರ ಯಾವುದು ಅಂದರೆ, ನಮ್ಮ ಕಡೆಗೆ ಅಕ್ರಿಲಿಕ್ಕೇ ಸೈ. ಅಪ್ಪಟ ಉಣ್ಣೆ ಬೆಚ್ಚಗಿರುತ್ತೆ ನಿಜ, ಆದರೆ ಗಾಳಿಯ ತೇವ ಹೀರಿಕೊಳ್ಳುತ್ತೆ, ಹುಳ ಹಿಡಿಯುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಅದನ್ನು ಒಣಗಿಸೋದು ಸುಲಭ ಇಲ್ಲ. ಹತ್ತಿ ದಾರ ಭಾರ, ಬಿಸಿಲಿಲ್ಲದೆ ಒಣಗಲ್ಲ. ಉಣ್ಣೆ ಅಂತ ಹೇಳಿ ಕೊಟ್ಟದ್ದು ಉಣ್ಣೆಯೇ ಹೌದಾ ಅಂತ ನೋಡಲು ಒಂದು ಗೇಣು ದಾರದ ತುದಿ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿ ಕಟ್ಟಿದರೆ ಅಕ್ರಿಲಿಕ್. ಶಿವಮೊಗ್ಗಕ್ಕೆ ಹೋಗುವವರ ಕೈಲಿ ತರಿಸುವುದಾದರೆ ಬೇಕಾದಷ್ಟನ್ನೂ ಒಂದೇ ಸಲ ತರಿಸಿ, ಎಲ್ಲ ಲಡಿಯಲ್ಲೂ ಲಾಟ್ ನಂಬರ್ ಒಂದೇ ಇರಲಿ. ಬಣ್ಣದ ಹೆಸರು ಒಂದೇ ಆದರೂ ಲಾಟ್ ಬೇರೆಯಾದರೆ ಹೆಣೆದ ಮೇಲೆ ಪಟ್ಟೆ ಕಾಣುತ್ತೆ.

ಮುಗ್ಗಲು ಬಂದ ದಾರ ಹಾಳಾಗಿಲ್ಲ. ಲಡಿ ಬಿಡಿಸಿ ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ಶಾಂಪೂ ಹಾಕಿದ ತಣ್ಣೀರಲ್ಲಿ ಅದ್ದಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಫ್ಯಾನಿನ ಅಡಿ ಒಣಗಿಸಿ. ಪೂರ್ತಿ ಒಣಗಿದ ಮೇಲೆ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ. ಅರೆ ಒಣಗಿದ್ದನ್ನು ಮುಚ್ಚಿಟ್ಟರೆ ಡಬ್ಬಿಯೊಳಗೇ ಬೂಷ್ಟು ಬೆಳೆಯುತ್ತೆ. ಸ್ಟೇನ್‌ಲೆಸ್ ಅಲ್ಲದ ಸ್ಟೀಲ್ ಕಡ್ಡಿ ತುಕ್ಕು ಹಿಡಿದು ದಾರಕ್ಕೆ ಕಲೆ ಮಾಡುತ್ತೆ, ಅಲ್ಯೂಮಿನಿಯಂ ತೊಂದರೆ ಇಲ್ಲ. ಬಿದಿರಿನ ಕಡ್ಡಿ ಹೊಸಬರಿಗೆ ಒಳ್ಳೆಯದು, ಕುಣಿಕೆ ಜಾರಿಹೋಗಲ್ಲ, ಆದರೆ ಮಳೆಗಾಲದಲ್ಲಿ ಒರಟಾಗುತ್ತೆ, ನಯವಾದ ಮರಳುಕಾಗದದಲ್ಲಿ ಉಜ್ಜಿಕೊಳ್ಳಿ. ಯಾರಾದರೂ ಕೂಸಿಗೆ ಕುಲಾವಿ ಹೆಣೆದರೆ ಅದರ ಜೊತೆ ನುಸಿಗುಳಿಗೆ ಇಡಲೇಬೇಡಿ, ಅದರ ಆವಿ ಎಳೆಮಕ್ಕಳಿಗೆ ಅಪಾಯ. ತೊಳೆದು ಒಣಗಿಸಿಯೇ ಕೊಡಿ.

ಪುಸ್ತಕದ ವಿಷಯಕ್ಕೆ ಬಂದರೆ, ಗಟ್ಟಿಯಾಗಿ ಓದುವಾಗ ಒಂದು ಪುಟಕ್ಕೆ ಎರಡು ಮೂರು ನಿಮಿಷ ಬೇಕು. ಅರ್ಧ ಗಂಟೆಯಲ್ಲಿ ಮಾತುಕತೆ ಕಳೆದು ಏಳೆಂಟು ಪುಟ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ನಿಮ್ಮಲ್ಲಿ ಮೂವರಿಗೆ ಅಚ್ಚುಮೆಚ್ಚು ಅಂದಿದ್ದೀರಿ. ದೊಡ್ಡ ಕೃತಿ, ಆದರೆ ಅಷ್ಟೊಂದು ಪಾತ್ರಗಳನ್ನು ವಾರಕ್ಕೆ ಏಳು ಪುಟದಲ್ಲಿ ನೆನಪಿಟ್ಟುಕೊಳ್ಳೋದು ಕಷ್ಟ. ಅದನ್ನು ಮನೆಯಲ್ಲಿ ಓದಲಿ. ಕೂಟಕ್ಕೆ ಅವರದೇ 'ಮಲೆನಾಡಿನ ಚಿತ್ರಗಳು' (1933) ತೆಗೆದುಕೊಳ್ಳಿ. ಒಂದೊಂದು ಬರಹವೂ ಸ್ವತಂತ್ರ, ಒಂದು ವಾರ ತಪ್ಪಿಸಿದವರೂ ಮುಂದಿನ ವಾರ ಆರಾಮಾಗಿ ಕೇಳಬಹುದು. ಕಥೆಯೇ ಬೇಕು ಅಂದರೆ ತೇಜಸ್ವಿಯವರ 'ಕರ್ವಾಲೋ'. ಸಣ್ಣದು, ಸಂಭಾಷಣೆ ಜಾಸ್ತಿ, ಹಾರುವ ಓತಿಯ ಹುಡುಕಾಟ ಇರುವುದರಿಂದ ಹಿಂದಿನ ವಾರ ಎಲ್ಲಿ ನಿಲ್ಲಿಸಿದ್ದು ಅಂತ ಯಾರೂ ಮರೆಯಲ್ಲ. ಓದುವವರು ಆ ದಿನ ಹೆಣೆಯೋದು ಬೇಡ. ಉಳಿದವರು ಎಣಿಕೆ ಇಲ್ಲದ ಭಾಗ ಮಾತ್ರ ಹಿಡಿಯಲಿ, ಅಂದರೆ ಕಿವಿಪಟ್ಟಿ, ಟೋಪಿಯ ನಡುಭಾಗ. ನೆತ್ತಿ ಇಳಿಸೋದನ್ನು ಮನೆಗೆ ಇಟ್ಟುಕೊಳ್ಳಿ, ಕಿವಿ ಕಥೆಯಲ್ಲಿದ್ದರೆ 58 ಯಾವಾಗ 57 ಆಯ್ತು ಅಂತ ಗೊತ್ತಾಗಲ್ಲ.

ಬೋರ್ಡ್ ಬರೆದು, ಪೇಪರ್ ತಿದ್ದಿ, ಮೊಬೈಲಿನಲ್ಲಿ ಮಾಹಿತಿ ತುಂಬಿದ ಕೈಗೆ ಮತ್ತೆ ಕಡ್ಡಿ ಕೊಡ್ತಿದ್ದೀರಿ ಅನ್ನೋದು ನೆನಪಿರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕಡ್ಡಿ ಇಟ್ಟು ಬೆರಳು ಬಿಡಿಸಿ, ಮುಷ್ಟಿ ತೆರೆದು ಮುಚ್ಚಿ. ಹೆಣೆದ ಭಾರ ತೊಡೆ ಮೇಲಿರಲಿ, ಮಣಿಕಟ್ಟಿನಿಂದ ಜೋತಾಡಬಾರದು. ಹೆಬ್ಬೆರಳ ಬುಡ ಜೋಮು ಹಿಡಿದರೆ ಆ ವಾರ ಬಿಟ್ಟುಬಿಡಿ, ಮತ್ತೆ ಮತ್ತೆ ಆದರೆ ಡಾಕ್ಟರಿಗೆ ತೋರಿಸಿ.

ಆ ಇಬ್ಬರು ಟೀಚರಿಗೆ ಒತ್ತಾಯ ಮಾಡಬೇಡಿ, ಸುಮ್ಮನೆ ಕೂತು ಕಥೆ ಕೇಳಲಿ. ದಾರದ ಉಂಡೆ ಸುತ್ತಿಕೊಟ್ಟರೂ ಆಯ್ತು. ನಿದ್ದೆ ಬರದೆ ವಾರಗಟ್ಟಲೆ ಆಗಿದೆ, ಶಾಲೆಗೆ ಹೊರಡುವಾಗಲೇ ಎದೆ ಡವಗುಟ್ಟುತ್ತೆ ಅನ್ನುವ ಮಟ್ಟದಲ್ಲಿದ್ದರೆ ಹೆಣಿಗೆಯಿಂದ ಹೋಗುವಂಥದ್ದಲ್ಲ ಅದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಫ್ಲರ್ ಅಂಚಿನ ಫೋಟೋ ಹತ್ತಿರದಿಂದ ತೆಗೆದು ಈ ಗುಂಪಿಗೆ ಹಾಕಿ, ಹಿಂದಿನ ಮುಖದ್ದೂ ಒಂದಿರಲಿ. ಎಷ್ಟನೇ ಸಾಲಿನಿಂದ ಅಗಲ ಹೆಚ್ಚಿದೆ ಅಂತ ನೋಡಿದರೆ ಅಲ್ಲಿಯವರೆಗೆ ಮಾತ್ರ ಬಿಚ್ಚಿದರೆ ಸಾಕಾ, ಹಾಗೇ ಹೊಲಿದುಬಿಡಬಹುದಾ ಅಂತ ಹೇಳ್ತೇನೆ.