ಪೆನ್ನು ಯಾರ ಕೈಯಲ್ಲಿದೆ?

ಪ್ರಿಯ ಓದುಗರೇ,

ಕೆಲಸ ಮುಗಿಸಿಕೊಂಡು ವಾರಕ್ಕೆರಡು ಸಂಜೆ, ಕಾಲೇಜು ಪ್ರವೇಶಕ್ಕೆ ತಯಾರಾಗುತ್ತಿರುವ ಹುಡುಗನೊಬ್ಬನಿಗೆ ಗಣಿತದ ಮನೆಪಾಠ ಹೇಳುತ್ತಿದ್ದೀರಿ. ನಿಮ್ಮೆದುರು ಸಲೀಸಾಗಿ ಲೆಕ್ಕ ಬಿಡಿಸುವವನು ಪರೀಕ್ಷೆಯಲ್ಲಿ ಕೈಕಟ್ಟಿ ಕೂರುತ್ತಾನೆ. ಮನೆಯವರು ‘ಇನ್ನೆರಡು ದಿನ ಬನ್ನಿ’ ಅನ್ನುತ್ತಿದ್ದಾರೆ. ಒಪ್ಪಲೋ ಬೇಡವೋ ಎಂದು ಕೇಳಿದ್ದೀರಿ.

ಸದ್ಯಕ್ಕೆ ಬೇಡ. ‘ತಡವರಿಸಿದರೆ ಮುಂದಿನ ಹೆಜ್ಜೆ ನಾನೇ ಬರೆದು ತೋರಿಸುತ್ತೇನೆ’ ಎಂದು ನೀವೇ ಬರೆದಿದ್ದೀರಲ್ಲ, ತೊಡಕು ಅಲ್ಲೇ ಇದೆ. ಓದುವ ದಿನಗಳಲ್ಲಿ ನಾನೂ ಮನೆಪಾಠ ಹೇಳಿದವನೇ. ಬೀಜಗಣಿತದಲ್ಲಿ ಎಡವುತ್ತಿದ್ದ ಹುಡುಗಿಗೊಮ್ಮೆ ಬರೀ ಅಂಕಿಯಲ್ಲಿ 10 − (7 − 3) ಕೊಟ್ಟೆ. ಸೊನ್ನೆ ಎಂದು ಬರೆದಳು. ಆವರಣದ ಹೊರಗಿನ ಮೈನಸ್ಸು 7ಕ್ಕಷ್ಟೇ ತಗಲುತ್ತದೆ, 3ರ ಮೈನಸ್ಸು ಹಾಗೇ ಉಳಿಯುತ್ತದೆ ಎಂಬುದು ಅವಳ ಎಣಿಕೆ. ನಾನೋ, ಪೆನ್ನು ಕಸಿದುಕೊಂಡು 6 ಎಂದು ಬರೆದೆ. ಹೂಂ ಎಂದು ತಲೆಯಾಡಿಸಿದಳು. ಮುಂದಿನ ವಾರ ಅದೇ ತಪ್ಪು, ಈ ಸಲ ಸಮೀಕರಣದೊಳಗೆ. ‘ಇದು ಹೇಗೆ ಬಂತು, ಹೇಳಮ್ಮ’ ಎಂದು ಕೇಳುವ ಬುದ್ಧಿ ನನಗೆ ಬಂದದ್ದು ಎರಡು ತಿಂಗಳ ಮೇಲೆ!

ಒಬ್ಬರೆದುರು ಒಬ್ಬರು ಕೂತು ಕಲಿಯುವ ಪಾಠಕ್ಕೆ ಬಲವಿದೆ. ಹಾಗೆ ಕಲಿತ ಸಾಧಾರಣ ವಿದ್ಯಾರ್ಥಿ ಮಾಮೂಲಿ ತರಗತಿಯ ನೂರರಲ್ಲಿ 98 ಮಂದಿಗಿಂತ ಮುಂದಿರುತ್ತಾನೆ ಎಂದು ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದರು. ಆಮೇಲಿನ ಅಧ್ಯಯನಗಳಲ್ಲಿ ಲಾಭ ಕಂಡಿತಾದರೂ ಅಷ್ಟು ದೊಡ್ಡದಾಗಿ ಅಲ್ಲ. ಬ್ಲೂಮ್ ಹೇಳಿದ ಪಾಠದಲ್ಲಾದರೂ ಕಲಿಸುವುದರ ಜೊತೆಗೆ ಕಿರುಪರೀಕ್ಷೆ, ತಿದ್ದುವುದು, ಮತ್ತೊಂದು ಕಿರುಪರೀಕ್ಷೆ ಎಲ್ಲ ಸೇರಿದ್ದವು.

2006ರಲ್ಲಿ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕ್ ಮಾಡಿದ ಪ್ರಯೋಗವಂತೂ ನಿಮ್ಮ ಪತ್ರಕ್ಕೇ ಉತ್ತರದಂತಿದೆ. ಒಂದೇ ಬರಹವನ್ನು ಕೆಲವರು ಮತ್ತೆ ಮತ್ತೆ ಓದಿದರು, ಕೆಲವರು ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ವಾರ ಕಳೆದು ಕೇಳಿದಾಗ ನೆನಪಿನಿಂದ ಬರೆದವರು. ನೀವು ನೋಡಿ ಖುಷಿಪಡುತ್ತಿರುವುದು ಹುಡುಗನ ಆ ಐದನೇ ನಿಮಿಷವನ್ನು.

ಆದ್ದರಿಂದ ಹೋದ ಕೂಡಲೇ ಪಾಠ ಶುರುಮಾಡಬೇಡಿ. ಖಾಲಿ ಹಾಳೆ ಕೊಟ್ಟು, ಪುಸ್ತಕ ಮುಚ್ಚಿಸಿ, ಕಳೆದ ವಾರದ್ದೊಂದು, ಕಳೆದ ತಿಂಗಳದ್ದೊಂದು ಲೆಕ್ಕ ಬರೆಸಿ. ಹತ್ತು ನಿಮಿಷ ನೀವು ತುಟಿ ಬಿಚ್ಚಕೂಡದು. ಕಲಿಸುವವರಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ, ಬಲ್ಲೆ. ಪರೀಕ್ಷೆ ಹತ್ತಿರ ಬಂದಾಗ ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಎದುರಿಟ್ಟುಕೊಂಡು ಬಿಡಿಸಲಿ.

ಮನೆಯವರಿಗೆ ಹೀಗೆ ಹೇಳಿ ನೋಡಿ: ಆ ಇನ್ನೆರಡು ಸಂಜೆ ಅವನೊಬ್ಬನೇ ಕೂರಲಿ, ಸಿಕ್ಕಿಬಿದ್ದ ಹಾಳೆಯನ್ನು ಹರಿಯದೆ ಇಟ್ಟಿರಲಿ. ಒಂದು ತಿಂಗಳ ಆ ಹಾಳೆಗಳಲ್ಲಿ ಹಿಂದಿನ ತರಗತಿಗಳ ಪಾಠವೇ ಬಂದಿಲ್ಲ ಎಂದು ಕಂಡರೆ, ಆಗ ದಿನ ಹೆಚ್ಚಿಸಿ.

ಅವನ ಪ್ರವೇಶದ ಅರ್ಜಿಗೆ ಪ್ರಬಂಧ ಬರೆದುಕೊಡಬಹುದೇ ಎಂದು ಪತ್ರದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಕೇಳಿದ್ದೀರಿ. ಬರೆದುಕೊಡಬೇಡಿ. ಓದಿ, ಅರ್ಥವಾಗದ ಕಡೆ ಅಡಿಗೆರೆ ಎಳೆದು ವಾಪಸ್ ಕೊಡಿ.

— ಸಂ.