ಶನಿವಾರದ ಅರ್ಧ ದಿನದ ಕೂಲಿ

ಪ್ರಶ್ನೆ: ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ಗಣಿ, ಗಿರಣಿ ಕೆಲಸಗಾರರು ಸಂಬಳವಿಲ್ಲದೆ ರಗ್ಬಿ ಆಡುತ್ತಿದ್ದರಂತೆ. ಅವರ ಹೊಟ್ಟೆಪಾಡು ಹೇಗೆ? ಯೂನಿಯನ್, ಲೀಗ್ ಎಂದು ರಗ್ಬಿ ಎರಡಾಗಿದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಖಂಡಿತ ಇದೆ. ಆಟ ಒಡೆದದ್ದೇ ಶನಿವಾರದ ಕೂಲಿಯ ವಿಚಾರಕ್ಕೆ.

1850ರ ಕಾರ್ಖಾನೆ ಕಾಯ್ದೆ ಬಂದ ಮೇಲೆ ಬಟ್ಟೆ ಗಿರಣಿಗಳು ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲತೊಡಗಿದವು. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಾಷೈರ್ ಊರುಗಳಲ್ಲಿ ರಗ್ಬಿ ಬೆಳೆದದ್ದು ಆ ಬಿಡುವಿನಲ್ಲಿ. ಪಂದ್ಯ ತಮ್ಮೂರಲ್ಲೇ ಇದ್ದರೆ ಸರಿ, ಕೆಲಸ ಮುಗಿಸಿ ಮೈದಾನಕ್ಕೆ ಓಡಬಹುದು. ಪರಊರಲ್ಲಿದ್ದರೆ ಬೆಳಗ್ಗೆಯೇ ರೈಲು ಹತ್ತಬೇಕು. ಅಲ್ಲಿಗೆ ಅರ್ಧ ದಿನದ ಕೂಲಿ ಖೋತಾ. ಆಟದಲ್ಲಿ ಮಂಡಿಗೆ ಪೆಟ್ಟು ಬಿತ್ತೋ, ಸೋಮವಾರ ಗಣಿಗೆ ಇಳಿಯುವ ಹಾಗಿಲ್ಲ. ಆ ವಾರದ ಮನೆ ಬಾಡಿಗೆಗೆ ಏನು ಮಾಡಬೇಕು, ಹೇಳಿ?

1893ರಲ್ಲಿ ಯಾರ್ಕ್‌ಷೈರ್‌ನವರು ಇಂಗ್ಲೆಂಡಿನ ರಗ್ಬಿ ಆಟವನ್ನು ನಡೆಸುತ್ತಿದ್ದ ಸಂಸ್ಥೆ, ರಗ್ಬಿ ಫುಟ್‌ಬಾಲ್ ಯೂನಿಯನ್‌ನ ಸಭೆಯಲ್ಲಿ ಕೇಳಿದ್ದು ಇಷ್ಟೇ: ಸಂಬಳ ಬೇಡ, ತಪ್ಪಿಹೋದ ಕೂಲಿಯನ್ನಾದರೂ ಕಟ್ಟಿಕೊಡಲು ಬಿಡಿ. ಇದಕ್ಕೆ ‘ಬ್ರೋಕನ್ ಟೈಮ್’ ಹಣ ಎನ್ನುತ್ತಿದ್ದರು. ಪರವಾಗಿ 136 ಮತ, ವಿರುದ್ಧ 282. ಯೂನಿಯನ್ ನಡೆಸುತ್ತಿದ್ದವರು ದೊಡ್ಡ ಶಾಲೆಗಳಲ್ಲಿ ಓದಿದ ಅನುಕೂಲಸ್ಥರು. ದುಡ್ಡಿಲ್ಲದೆ ಆಡುವುದು ಅವರಿಗೆ ಗೌರವದ ಮಾತು. ಗಣಿಯವನಿಗೆ ಅದೇ ನಿಯಮ ದಂಡ ಕಟ್ಟಿದ ಹಾಗೆ. ನನಗಂತೂ ಇದು ಶುದ್ಧ ಅನ್ಯಾಯ ಅನ್ನಿಸುತ್ತದೆ.

1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ನಾರ್ದರ್ನ್ ಯೂನಿಯನ್ ಕಟ್ಟಿದವು. ಕೂಲಿ ನಷ್ಟಕ್ಕೆ ದಿನಕ್ಕೆ ಹೆಚ್ಚೆಂದರೆ 6 ಶಿಲಿಂಗ್. 1898ರಲ್ಲಿ ಆಟಕ್ಕೇ ಸಂಬಳ ಕೊಡಬಹುದು ಎಂದಾಯಿತು. ಆಗಲೂ ಆಟಗಾರನಿಗೆ ಬೇರೊಂದು ಕೆಲಸ ಇರಲೇಬೇಕಿತ್ತು. 1906ರಲ್ಲಿ ತಂಡಕ್ಕೆ 15ರ ಬದಲು 13 ಜನ ಎಂದು ಮಾಡಿದರು. ಇವತ್ತಿನ ರಗ್ಬಿ ಲೀಗ್ ಇದೇ. ಇತ್ತ ರಗ್ಬಿ ಯೂನಿಯನ್‌ನಲ್ಲಿ ಸಂಬಳಕ್ಕೆ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ, ಸರಿಯಾಗಿ ನೂರು ವರ್ಷದ ಮೇಲೆ.

ಹೊಟ್ಟೆಪಾಡಿನ ಬಗ್ಗೆ ಕೇಳಿದಿರಲ್ವಾ, ಡಿಕಿ ಲಾಕ್‌ವುಡ್‌ನನ್ನು ನೋಡಿ. 1867ರಲ್ಲಿ ವೇಕ್‌ಫೀಲ್ಡ್ ಹತ್ತಿರದ ಕ್ರಿಗಲ್‌ಸ್ಟನ್‌ನಲ್ಲಿ ಹುಟ್ಟಿದ, ಕೂಲಿ ಮಾಡುವವರ ಮನೆಯ ಹುಡುಗ. ಐದೂವರೆ ಅಡಿ ಎತ್ತರವೂ ಇಲ್ಲ. 16ನೇ ವಯಸ್ಸಿಗೇ ಡ್ಯೂಸ್‌ಬರಿ ತಂಡಕ್ಕೆ ಆಡಿದ. ಇಂಗ್ಲೆಂಡಿಗೆ 14 ಪಂದ್ಯ ಆಡಿದ. 1894ರಲ್ಲಿ ಅವನೇ ನಾಯಕ. ಬರ್ಕನ್‌ಹೆಡ್‌ನಲ್ಲಿ ವೇಲ್ಸ್ ತಂಡವನ್ನು 24–3ರಿಂದ ಬಗ್ಗುಬಡಿದರು. ಅನುಕೂಲಸ್ಥರ ತಂಡವನ್ನು ಕೂಲಿಯ ಮನೆಯವನು ಮುನ್ನಡೆಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ನಾರ್ದರ್ನ್ ಯೂನಿಯನ್ ಶುರುವಾದಾಗ ಅವನೂ ಆ ಕಡೆಗೇ ಬಂದು ವೇಕ್‌ಫೀಲ್ಡ್ ಟ್ರಿನಿಟಿಗೆ ಆಡಿದ. ಆದರೂ ಕೈಯಲ್ಲಿ ಏನೂ ನಿಲ್ಲಲಿಲ್ಲ. ಇಂಗ್ಲೆಂಡಿನ ನಾಯಕನಾಗಿ ಮೂರೇ ವರ್ಷಕ್ಕೆ, 1897ರಲ್ಲಿ, ಅವನು ದಿವಾಳಿ ಎದ್ದ.