ಕೊನೆಗೆ ಉಳಿದ ನೆಲೆ ಒಳ್ಳೆಯ ಮನೆಯೇ?

ಪ್ರಶ್ನೆ: ಮಡಗಾಸ್ಕರ್ ಪೋಚಾರ್ಡ್ ಎಂಬ ಬಾತು ಅಳಿದೇ ಹೋಯಿತು ಅಂದುಕೊಂಡಿದ್ದಾಗ ದೂರದ ಒಂದು ಸರೋವರದಲ್ಲಿ ಸಿಕ್ಕಿತಂತೆ. ಆಮೇಲೆ ತಜ್ಞರು ಅಲ್ಲಿಂದ ಮೊಟ್ಟೆಗಳನ್ನೇ ತೆಗೆದುಕೊಂಡು ಹೋದರಂತೆ. ಮನುಷ್ಯರ ಕಣ್ಣು ತಪ್ಪಿಸಿ ಹೇಗೋ ಬದುಕಿದ್ದ ಹಕ್ಕಿಯನ್ನು ಅದರ ಪಾಡಿಗೆ ಬಿಡಬಹುದಿತ್ತು ಅಲ್ವಾ?

ಉತ್ತರ: ಬೇರೆ ಎಷ್ಟೋ ಹಕ್ಕಿಗಳ ವಿಷಯದಲ್ಲಿ ನಾನೂ ಇದೇ ಮಾತು ಹೇಳುತ್ತೇನೆ. ಆದರೆ ಈ ಬಾತನ್ನು ಅದರ ಪಾಡಿಗೆ ಬಿಟ್ಟಿದ್ದರೆ ಇಷ್ಟು ಹೊತ್ತಿಗೆ ಉಳಿಯುತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ.

ಇದರ ಹಳೆಯ ನೆಲೆ ಅಲಾಓತ್ರ, ಮಡಗಾಸ್ಕರ್‌ನ ಅತಿ ದೊಡ್ಡ ಸರೋವರ. ಆಳ ಕಡಿಮೆ, ಅಂಚಿನಲ್ಲಿ ದಟ್ಟ ಜೊಂಡು. ಮುಳುಗಿ ಮೇಯುವ ಬಾತಿಗೆ ಇನ್ನೇನು ಬೇಕು? ಆದರೆ ಆ ಸೀಮೆ ದೇಶದ ಭತ್ತದ ಕಣಜವಾಯಿತು. ಜೊಂಡು ಹೋಗಿ ಗದ್ದೆಗಳು ಬಂದವು. ಬೋಳಾದ ಗುಡ್ಡಗಳ ಕೆಂಪು ಮಣ್ಣು ಹರಿದು ಬಂದು ಹೂಳು ತುಂಬಿತು. ಹೊರಗಿನಿಂದ ತಂದುಬಿಟ್ಟ ಮೀನುಗಳು ಜಾಸ್ತಿಯಾದವು, ಬಲೆಗಳೂ ಜಾಸ್ತಿಯಾದವು. 1991ರಲ್ಲಿ ಅಲ್ಲಿ ಒಂದು ಗಂಡು ಸಿಕ್ಕಿತು. ರಾಜಧಾನಿಯಲ್ಲಿ ಅದನ್ನು ಸಾಕಿದರು, ಮರುವರ್ಷ ಸತ್ತಿತು. ಆಮೇಲೆ ಸುಮಾರು 15 ವರ್ಷ ಯಾರಿಗೂ ಕಾಣಲಿಲ್ಲ.

2006ರ ನವೆಂಬರ್‌ನಲ್ಲಿ ಬೇಟೆಹಕ್ಕಿಗಳನ್ನು ಕಾಪಾಡುವ ಪೆರಿಗ್ರಿನ್ ಫಂಡ್ ಸಂಸ್ಥೆಯ ಲಿಲಿ-ಆರಿಸನ್ ರೆನೆ ದ ರೋಲಾಂಡ್ ಮತ್ತು ಅವರ ಜೊತೆಗಾರ ಹ್ಯಾರಿಯರ್ ಎಂಬ ಬೇಟೆಹಕ್ಕಿಯನ್ನು ಹುಡುಕುತ್ತಿದ್ದರು. ದ್ವೀಪದ ಉತ್ತರ ಭಾಗದ ಮತ್ಸಾಬುರಿಮೇನ ಸರೋವರದಲ್ಲಿ ಅವರಿಗೆ ಈ ಬಾತು ಕಂಡಿತು. 9 ದೊಡ್ಡವು, 4 ಮರಿ. ಗಂಡಿನ ಬಿಳಿ ಕಣ್ಣು ನೋಡಿದರೆ ಗುರುತು ತಪ್ಪುವುದಿಲ್ಲ. ಮಲಗಾಸಿ ಭಾಷೆಯಲ್ಲಿ ಇದರ ಹೆಸರೇ ‘ಫುತ್ಸಿಮಾಸು’, ಅಂದರೆ ಬಿಳಿಗಣ್ಣಿನದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮತ್ಸಾಬುರಿಮೇನ ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು. ದಡ ಬಿಟ್ಟರೆ ಸಾಕು, ಆಳ. ದೊಡ್ಡ ಬಾತು ತಳಕ್ಕಿಳಿದು ಕ್ಯಾಡಿಸ್ ನೊಣದ ಹುಳುಗಳನ್ನು ಹೆಕ್ಕುತ್ತದೆ. ಮರಿ ಮೊದಮೊದಲು ನೀರಿನ ಮೇಲಿನ ಹುಳಹುಪ್ಪಟೆ ತಿಂದುಕೊಂಡಿರುತ್ತದೆ. ಎರಡು ವಾರ ದಾಟಿದ ಮೇಲೆ ಅಷ್ಟರಿಂದ ಹೊಟ್ಟೆ ತುಂಬುವುದಿಲ್ಲ, ಅದೂ ಮುಳುಗಬೇಕು. ಮುಳುಗುತ್ತದೆ. ತಳ ಸಿಗುವುದಿಲ್ಲ. ಬೆಂಡಿನಂತೆ ಮೇಲೆ ಬರುತ್ತದೆ, ಮತ್ತೆ ಮುಳುಗುತ್ತದೆ. ಹುಟ್ಟಿದ ಮರಿಗಳಲ್ಲಿ ನೂರಕ್ಕೆ 96 ಎರಡು-ಮೂರು ವಾರದಲ್ಲೇ ಸಾಯುತ್ತಿದ್ದವು. ಬೇಟೆಗಲ್ಲ, ರೋಗಕ್ಕಲ್ಲ, ಹಸಿವಿಗೆ. ಇದನ್ನು ಬರೆಯುವಾಗ ಈಗಲೂ ಹೊಟ್ಟೆ ಚುರುಕ್ಕೆನ್ನುತ್ತದೆ. ಬಾತು ಆ ಸರೋವರವನ್ನು ಮೆಚ್ಚಿ ಆರಿಸಿಕೊಂಡದ್ದಲ್ಲ. ಗದ್ದೆಯೂ ಬಲೆಯೂ ಮುಟ್ಟದೆ ಉಳಿದದ್ದು ಅದೊಂದೇ.

ಹಾಗಾಗಿ 2009ರಲ್ಲಿ ಡ್ಯುರೆಲ್, ಡಬ್ಲ್ಯುಡಬ್ಲ್ಯುಟಿ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆಗಳ ಜನ ಪೆರಿಗ್ರಿನ್ ಫಂಡ್ ಜೊತೆ ಸೇರಿ ಮೊಟ್ಟೆ ಎತ್ತಿದರು. ಸರೋವರದ ದಡದಲ್ಲೇ ಮರಿ ಮಾಡಿಸಿ, ಅಂತ್ಸುಹೀ ಊರಿನ ಒಂದು ಹೋಟೆಲ್‌ನಲ್ಲಿ ಬೆಳೆಸಿದರು! ಸಾಕಣೆ ಕೇಂದ್ರ ಆಮೇಲೆ ಬಂತು. 2018ರ ಡಿಸೆಂಬರ್‌ನಲ್ಲಿ 21 ಬಾತುಗಳನ್ನು ದ್ವೀಪದ ಉತ್ತರ ಭಾಗದಲ್ಲೇ ಇರುವ ಸೋಫಿಯಾ ಎಂಬ ಇನ್ನೊಂದು ಸರೋವರಕ್ಕೆ ಬಿಟ್ಟರು. ಸುಮ್ನೆ ತಂದು ಸುರಿಯಲಿಲ್ಲ. ಸ್ಕಾಟ್ಲೆಂಡ್‌ನಲ್ಲಿ ಮೀನು ಸಾಕುವ ತೇಲುವ ಪಂಜರಗಳನ್ನೇ ಬಾತಿಗೆ ತಕ್ಕಂತೆ ಮಾರ್ಪಡಿಸಿ, ಅವುಗಳಲ್ಲಿಟ್ಟು ನೀರಿನ ರೂಢಿ ಮಾಡಿಸಿ, ನಂತರ ಬಿಟ್ಟರು. ಸುತ್ತಲಿನ ಹಳ್ಳಿಗಳ ರೈತರು, ಮೀನುಗಾರರ ಜೊತೆ ಮೊದಲೇ ಕೆಲಸ ಶುರುವಾಗಿತ್ತು. ಬಾತುಗಳು ಅಲ್ಲಿ ಜೋಡಿಯಾಗಿ ಮರಿಯನ್ನೂ ಮಾಡಿದವು.

ಪ್ರಶ್ನೆ: ಬಾತು ನೀರಿನಲ್ಲೇ ಇರುವ ಹಕ್ಕಿ. ಮೀನಿನ ಬಲೆಗೆ ಸಿಕ್ಕಿದರೆ ನಿಜವಾಗಿ ಮುಳುಗಿ ಸಾಯುತ್ತದಾ?

ಉತ್ತರ: ಸಾಯುತ್ತದೆ. ಅದೂ ನಮ್ಮ ಹಾಗೆ ಗಾಳಿಯನ್ನೇ ಉಸಿರಾಡುತ್ತದೆ. ಒಮ್ಮೆ ಮುಳುಗಿದರೆ ಸ್ವಲ್ಪ ಹೊತ್ತಿಗೇ ಮೇಲೆ ಬರಲೇಬೇಕು. ತೆಳು ನೂಲಿನ ಬಲೆ ನೀರಿನಡಿ ಕಾಣುವುದಿಲ್ಲ, ತಲೆಯೋ ರೆಕ್ಕೆಯೋ ಸಿಕ್ಕಿಕೊಳ್ಳುತ್ತದೆ. ಮೇಲೆ ಮೇಲೆ ಮೇಯುವ ಬಾತುಗಳಿಗಿಂತ ಮುಳುಗುವ ಬಾತುಗಳಿಗೆ ಈ ಅಪಾಯ ಜಾಸ್ತಿ. ಬಾತುಗಳು ಮೇಯುವ ಜಾಗ ಬಿಟ್ಟು ಬಲೆ ಹಾಕಿದರೂ ಎಷ್ಟೋ ಜೀವ ಉಳಿಯುತ್ತದೆ.